ಕೊಳಕುಮಂಡಲದಿಂದ ಕಿರುತಟ್ಟೆಗೆ: ಮಾನಸಗಂಗೋತ್ರಿಯ ಒಂದು ಸಂಶೋಧನಾ ಪರಂಪರೆ

ಮೈಸೂರು ನಗರದ ಪಶ್ಚಿಮಕ್ಕೆ ಹರಡಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಸೀಮೆಗಳು ಹೊಗೆಸೊಪ್ಪು, ಭತ್ತ, ಕಾಡು ಮತ್ತು ಕಬಿನಿ ಜಲಾಶಯದ ಹೆಸರಿನಲ್ಲಿ ನೆನಪಾಗುತ್ತವೆಯೇ ಹೊರತು, ರಕ್ತದ ಜೀವರಸಾಯನಶಾಸ್ತ್ರದ ಚರಿತ್ರೆಯಲ್ಲಿ ಅವುಗಳಿಗೊಂದು ಜಾಗವಿರಬಹುದೆಂದು ಯಾರೂ ಎಣಿಸುವುದಿಲ್ಲ. ಹಾಗಿದ್ದರೂ ಹುಣಸೂರಿನಿಂದ ಸುಮಾರು 45 ಕಿಲೋಮೀಟರ್ ದೂರದ ಮಾನಸಗಂಗೋತ್ರಿಯಲ್ಲಿ, ಅಂದರೆ ಕುವೆಂಪು ಅವರು ಕುಲಪತಿಗಳಾಗಿದ್ದಾಗ ಹೆಸರಿಟ್ಟು ರೂಪಿಸಿದ ಮೈಸೂರು ವಿಶ್ವವಿದ್ಯಾನಿಲಯದ ಆವರಣದಲ್ಲಿ, ರಕ್ತದ ಕಿರುತಟ್ಟೆಗಳ ಮೇಲೆ ನಡೆದ ದೀರ್ಘಕಾಲದ ಅಧ್ಯಯನವನ್ನು ಈ ಸೀಮೆಯ ಬದುಕಿನಿಂದ ಬೇರ್ಪಡಿಸಿ ನೋಡಿದರೆ ಅದು ಅರ್ಥವಾಗುವುದು ಕಷ್ಟ. ಯುರೋಪ್ ಮತ್ತು ಅಮೆರಿಕಗಳಲ್ಲಿ ಕಿರುತಟ್ಟೆಯ ಸಂಶೋಧನೆಗೆ ಬಲ ಬಂದದ್ದು ಬಹುಮಟ್ಟಿಗೆ ಹೃದಯಾಘಾತದ ಭಯದಿಂದ. ಮೈಸೂರಿನಲ್ಲಿ ಅದೇ ವಿಷಯಕ್ಕೆ ವಿದ್ವಾಂಸರು ಬಂದು ಸೇರಿದ್ದು ಹಾವಿನ ವಿಷದ ದಾರಿಯಿಂದ.

ಕಿರುತಟ್ಟೆಯೆಂದರೆ ಡೆಂಗಿ ಜ್ವರದ ಕಾಲದಲ್ಲಿ ಮನೆಮನೆಯಲ್ಲೂ ಕೇಳಿಬರುವ ‘ಪ್ಲೇಟ್‌ಲೆಟ್’. ಅದು ಪೂರ್ಣ ಪ್ರಮಾಣದ ಜೀವಕೋಶವಲ್ಲ. ಮೂಳೆಮಜ್ಜೆಯಲ್ಲಿರುವ ದೈತ್ಯಕೋಶಗಳಿಂದ ಹರಿದು ಬೀಳುವ ಚೂರು, ಅಗಲ ಎರಡು ಮೂರು ಮೈಕ್ರಾನ್, ಒಳಗೆ ಕೋಶಕೇಂದ್ರವಿಲ್ಲ, ಆಯಸ್ಸು ಏಳರಿಂದ ಹತ್ತು ದಿನ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇಂಥವು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ಇಟಲಿಯ ಜೂಲಿಯೊ ಬಿಜೊಜೆರೊ 1880ರ ದಶಕದ ಆರಂಭದಲ್ಲಿ ಇವುಗಳನ್ನು ಸ್ವತಂತ್ರ ಘಟಕಗಳೆಂದು ಗುರುತಿಸಿ, ಗಾಯವಾದ ರಕ್ತನಾಳಕ್ಕೆ ಮೊದಲು ಹೋಗಿ ಅಂಟಿಕೊಳ್ಳುವವು ಇವೇ ಎಂದು ತೋರಿಸಿದನು. ಅಂಟಿಕೊಂಡ ಒಂದು ಕಿರುತಟ್ಟೆ ಇನ್ನೊಂದನ್ನು ಕರೆದು, ಅದು ಮತ್ತೊಂದನ್ನು ಕರೆದು, ಎಲ್ಲವೂ ಸೇರಿ ಗಾಯಕ್ಕೆ ಬೆಣೆ ಹೊಡೆಯುತ್ತವೆ. ಶಾಸ್ತ್ರದಲ್ಲಿ ಇದಕ್ಕೆ ಗುಂಪುಗಟ್ಟುವಿಕೆ ಎನ್ನುತ್ತಾರೆ.

ಈ ಕರೆಯನ್ನು ಕೇಳಿಸಿಕೊಳ್ಳುವ ಕಿವಿಯೇ ಗ್ರಾಹಕ. ಕೋಶದ ಪೊರೆಯಲ್ಲಿ ನೆಟ್ಟಿರುವ ಈ ಪ್ರೋಟೀನುಗಳು ತಮಗೆ ಹೊಂದುವ ಅಣು ಬಂದು ಕೂತಾಗ ಮಾತ್ರ ಒಳಕ್ಕೆ ಸುದ್ದಿ ಮುಟ್ಟಿಸುತ್ತವೆ. ಮಧುನಾಶಿನಿಯ ಎಲೆಯನ್ನು ಅಗಿದು ನೋಡಿದವರಿಗೆ ಗ್ರಾಹಕವೆಂದರೇನೆಂದು ಬೇರೆ ವಿವರಿಸಬೇಕಾಗಿಲ್ಲ: ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಿಗೆಯ ಸಿಹಿಗ್ರಾಹಕವನ್ನು ಅಡ್ಡಗಟ್ಟುವುದರಿಂದ ಆಮೇಲೆ ಬಾಯಿಗೆ ಹಾಕಿಕೊಂಡ ಸಕ್ಕರೆ ಮರಳಿನಂತೆ ಸಪ್ಪೆಯಾಗುತ್ತದೆ, ಸಕ್ಕರೆ ಬದಲಾಗಿಲ್ಲ, ಅದು ಕೂರಬೇಕಾದ ಪೀಠ ಮುಚ್ಚಿಹೋಗಿದೆ. ಕಿರುತಟ್ಟೆಯ ಮೈಮೇಲೆ ಇಂಥ ಪೀಠಗಳು ಹಲವು ಬಗೆಯವು. ಎಡಿಪಿ ಎಂಬ ಚಿಕ್ಕ ಅಣುವಿಗೆ ಎರಡು, ಥ್ರಾಂಬಿನ್ ಎಂಬ ಕಿಣ್ವಕ್ಕೆ ಎರಡು, ರಕ್ತನಾಳದ ಗೋಡೆಯೊಳಗಿನ ಕೊಲಾಜನ್ ನಾರಿಗೆ ಎರಡು. ಎಲ್ಲಕ್ಕಿಂತ ಹೆಚ್ಚಿನ ಸಂಖ್ಯೆಯಲ್ಲಿರುವುದು, ಒಂದೊಂದು ಕಿರುತಟ್ಟೆಯ ಮೇಲೆ ಸುಮಾರು 80,000ದಷ್ಟಿರುವ, ಫೈಬ್ರಿನೋಜನ್ ಹಿಡಿಯುವ ಗ್ರಾಹಕ. ಗುಂಪುಗಟ್ಟುವಾಗ ಎರಡು ಕಿರುತಟ್ಟೆಗಳ ನಡುವೆ ಫೈಬ್ರಿನೋಜನ್ ಹಗ್ಗದಂತೆ ನಿಂತು ಎರಡನ್ನೂ ಕಟ್ಟುತ್ತದೆ. ಹುಟ್ಟಿನಿಂದಲೇ ರಕ್ತಸ್ರಾವದ ತೊಂದರೆಯಿರುವ ಗ್ಲಾಂಜ್‌ಮನ್ ರೋಗಿಗಳಲ್ಲಿ ಈ ಗ್ರಾಹಕವೇ ಇಲ್ಲವೆಂಬುದನ್ನು ಫ್ರಾನ್ಸಿನಲ್ಲಿ ನರ್ಡನ್ ಮತ್ತು ಕೇನ್ 1974ರಲ್ಲಿ ಕಂಡುಕೊಂಡ ಮೇಲೆ, ಕಿರುತಟ್ಟೆಯ ಅಧ್ಯಯನವೆಂದರೆ ಬಹುಪಾಲು ಗ್ರಾಹಕಗಳ ಅಧ್ಯಯನವೇ ಎಂಬಂತಾಯಿತು.

ಈ ಶಾಸ್ತ್ರದಲ್ಲಿ ವೃತ್ತಿಜೀವನವನ್ನೇ ಕಳೆದ ಕರ್ನಾಟಕ ಮೂಲದವರಲ್ಲಿ ಪ್ರಪಂಚಕ್ಕೆ ಹೆಚ್ಚು ಪರಿಚಿತರು ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಗುಂಡು ಎಚ್. ಆರ್. ರಾವ್. ಜೇಮ್ಸ್ ವೈಟ್ ಅವರೊಡನೆ ಅವರು ನಡೆಸಿದ ಕೆಲಸದಲ್ಲಿ ಎರಡು ಸಂಗತಿಗಳು ಗಮನಾರ್ಹ. ಆಸ್ಪಿರಿನ್ ತಿಂದವರ ಕಿರುತಟ್ಟೆಗಳು ಮೊದ್ದಾಗುವುದು ತಿಳಿದಿದ್ದ ವಿಷಯ. ಆದರೆ ಅಂಥ ಕಿರುತಟ್ಟೆಗಳಿಗೂ ಅಡ್ರಿನಲಿನ್ ಸೋಕಿಸಿದರೆ ಅವು ಮತ್ತೆ ಕರೆಗೆ ಓಗೊಡುತ್ತವೆಂದು, ಅಂದರೆ ಒಂದು ಗ್ರಾಹಕದ ಮೂಲಕ ಬಂದ ಸುದ್ದಿ ಇನ್ನೊಂದು ದಾರಿಯ ಕೊರತೆಯನ್ನು ತುಂಬಬಲ್ಲದೆಂದು ಅವರ ತಂಡ 1980ರ ಆಸುಪಾಸಿನಲ್ಲಿ ತೋರಿಸಿತು. ಎರಡನೆಯದು 1983ರದು. ಆಸ್ಪಿರಿನ್ ಕೂರಬೇಕಾದ ಕಿಣ್ವದ ಜಾಗದಲ್ಲಿ ಐಬುಪ್ರೊಫೆನ್ ಮೊದಲೇ ಬಂದು ಕೂತರೆ ಆಸ್ಪಿರಿನ್ನಿನ ಶಾಶ್ವತ ಪರಿಣಾಮ ತಪ್ಪಿಹೋಗುತ್ತದೆ ಎಂಬ ಈ ಶೋಧ ಅಂದು ಪ್ರಯೋಗಾಲಯದ ಕುತೂಹಲವಾಗಿತ್ತು. ಹೃದ್ರೋಗಿಗಳು ಈ ಎರಡು ಮಾತ್ರೆಗಳನ್ನು ಜೊತೆಯಲ್ಲಿ ತೆಗೆದುಕೊಳ್ಳುವಾಗ ಎಚ್ಚರವಿರಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ತಿಳಿಸಿದ್ದು 2006ರಲ್ಲಿ. ರಾವ್ ಅವರು 1993ರಲ್ಲಿ ದಕ್ಷಿಣ ಏಷ್ಯಾದವರ ರಕ್ತನಾಳದ ಕಾಯಿಲೆಗಳಿಗಾಗಿಯೇ ಒಂದು ವಿದ್ವತ್ ಸಂಘವನ್ನು ಕಟ್ಟಿದರು.

ಮೈಸೂರಿನ ಕಥೆ ಬೇರೆ. ಅದರ ಹಿನ್ನೆಲೆಯಲ್ಲಿರುವುದು ಹೊಲ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಮುಂಗಾರಿನ ಮೊದಲ ಮಳೆಗೆ ಹೊಗೆಸೊಪ್ಪಿನ ಸಸಿ ನೆಟ್ಟು, ಆಷಾಢ ಶ್ರಾವಣಗಳಲ್ಲಿ ಎಲೆ ಮುರಿದು, ಬ್ಯಾರನ್ನಿನಲ್ಲಿ ರಾತ್ರಿಯಿಡೀ ಬೆಂಕಿ ಕಾಯುತ್ತ ಎಲೆ ಹದಮಾಡುತ್ತಾರೆ; ಬ್ಯಾರನ್ನಿನ ಪಕ್ಕದಲ್ಲಿ ಒಟ್ಟಿದ ಸೌದೆರಾಶಿ ಇಲಿಗೂ ಅದನ್ನು ಅರಸಿ ಬರುವ ಹಾವಿಗೂ ಬೀಡು. ಕೃಷ್ಣರಾಜನಗರದ ನಾಲೆಬಯಲಿನ ಗದ್ದೆಗಳಲ್ಲಿ ಭತ್ತ, ಭತ್ತದಿಂದ ಇಲಿ, ಇಲಿಯಿಂದ ಹಾವು ಎಂಬ ಸರಪಣಿ ಇನ್ನೂ ಸರಳ. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳ ಮಾತನ್ನಂತೂ ಹೇಳಬೇಕಾಗಿಲ್ಲ. ಪಕ್ಕದ ಅರಣ್ಯದ ಹೆಸರೇ ನಾಗರಹೊಳೆ. ಕತ್ತಲಲ್ಲಿ ಹಾವಿನ ಹೆಸರೆತ್ತಬಾರದೆಂದು ‘ಹುಳ ಮುಟ್ಟಿತು’ ಎನ್ನುವ ಈ ಸೀಮೆಯ ರೂಢಿಯಲ್ಲಿ ಭಯವೂ ಇದೆ, ಮರ್ಯಾದೆಯೂ ಇದೆ.

ಮುಟ್ಟುವ ಹುಳಗಳಲ್ಲಿ ರಕ್ತಕ್ಕೆ ಕೈಹಾಕುವುದು ಮುಖ್ಯವಾಗಿ ಎರಡು: ಕೊಳಕುಮಂಡಲ ಮತ್ತು ಒಣನೆಲದ ಗರಗಸಮಂಡಲ. ನಾಗರಹಾವಿನ ವಿಷ ನರಗಳನ್ನು ಹಿಡಿದರೆ ಕೊಳಕುಮಂಡಲದ್ದು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತದೆ, ಅದೂ ವಿಚಿತ್ರವಾದ ರೀತಿಯಲ್ಲಿ. ವಿಷದಲ್ಲಿರುವ ಒಂದು ಕಿಣ್ವ ಹೆಪ್ಪುಗಟ್ಟಿಸುವ ಹತ್ತನೆಯ ಅಂಶವನ್ನು ಎಬ್ಬಿಸಿ ಮೈಯೆಲ್ಲ ಕಿರುಹೆಪ್ಪುಗಳಾಗುವಂತೆ ಮಾಡುತ್ತದೆ. ಆ ಕೆಲಸದಲ್ಲಿ ಫೈಬ್ರಿನೋಜನ್ ಪೂರ್ತಿ ಖರ್ಚಾಗಿ, ಕೊನೆಗೆ ಒಸಡು, ಮೂತ್ರ, ಹಲ್ಲು ನಟ್ಟ ಜಾಗ ಎಲ್ಲಿಂದಲೂ ನಿಲ್ಲದ ರಕ್ತ. ಇದೇ ಗುಣವನ್ನು ತಿರುಗಿಸಿ ಉಪಯೋಗಿಸಿದ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ 1934ರಲ್ಲಿ ಈ ವಿಷದ ತೆಳುದ್ರಾವಣವನ್ನು ಹಿಮೋಫಿಲಿಯಾ ರೋಗಿಗಳ ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸಿದರು. ಇಂದಿಗೂ ದೊಡ್ಡ ಆಸ್ಪತ್ರೆಗಳ ರಕ್ತಪರೀಕ್ಷಾಲಯಗಳಲ್ಲಿ ಒಂದು ಬಗೆಯ ಪರೀಕ್ಷೆ ಕೊಳಕುಮಂಡಲದ ವಿಷವಿಲ್ಲದೆ ನಡೆಯುವುದಿಲ್ಲ.

ಮಾನಸಗಂಗೋತ್ರಿಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಈ ವಿಷಗಳ ಅಧ್ಯಯನವನ್ನು ಒಂದು ಪರಂಪರೆಯಾಗಿ ಬೆಳೆಸಿದವರು ಟಿ. ವೀರಬಸಪ್ಪ ಗೌಡರು. ಅವರು ಮತ್ತು ಆರ್. ಮಂಜುನಾಥ ಕಿಣಿಯವರು 1982ರ ಪ್ರಬಂಧವೊಂದರಲ್ಲಿ ನಾಗರಹಾವಿನ ವಿಷದಲ್ಲಿರುವ ಒಂದು ಕಿಣ್ವವನ್ನು ಬೇರ್ಪಡಿಸಿ, ಅದನ್ನು ತಡೆಯಲು ಬಳಸಿದ್ದು ಮೇಲೆ ಹೇಳಿದ ಮಧುನಾಶಿನಿಯಿಂದ ತೆಗೆದ ಲವಣವನ್ನೇ. 1987ರಲ್ಲಿ ಬಿ. ಎಸ್. ವಿಶ್ವನಾಥ್ ಮತ್ತು ಗೌಡರು ಅರಿಸ್ಟೊಲೋಕಿಕ್ ಆಮ್ಲವು ಕೊಳಕುಮಂಡಲದ ಫಾಸ್ಫೊಲೈಪೇಸ್ ಎ2 ಕಿಣ್ವದೊಡನೆ ಹೇಗೆ ವರ್ತಿಸುತ್ತದೆಂದು ಪರೀಕ್ಷಿಸಿದರು. ಈ ಆಮ್ಲ ಹಳ್ಳಿಯ ನಾಟಿವೈದ್ಯರು ಹಾವಿನ ಕಡಿತಕ್ಕೆ ಬಳಸುವ ಈಶ್ವರಬಳ್ಳಿಯ ಕುಲದ್ದು. ಫಾಸ್ಫೊಲೈಪೇಸ್ ಎ2 ಎಂದರೆ ಕೋಶದ ಪೊರೆಯನ್ನು ಕಟ್ಟಿರುವ ಫಾಸ್ಫೊಲಿಪಿಡ್ ಎಂಬ ಕೊಬ್ಬನ್ನು ಒಂದು ನಿರ್ದಿಷ್ಟ ಜಾಗದಲ್ಲಿ ಕತ್ತರಿಸುವ ಕಿಣ್ವ. 1989ರಲ್ಲಿ ಕಸ್ತೂರಿ ಮತ್ತು ಗೌಡರು ಕೊಳಕುಮಂಡಲದ ವಿಷದಲ್ಲಿ ಹೇರಳವಾಗಿರುವ ಇಂಥದೊಂದು ಕಿಣ್ವವನ್ನು ಶುದ್ಧೀಕರಿಸಿದರು.

ಮಧುನಾಶಿನಿ, ಈಶ್ವರಬಳ್ಳಿಗಳ ಆಯ್ಕೆ ಕಾಕತಾಳೀಯವಲ್ಲ. ಮುಂದಿನ ಎರಡು ದಶಕಗಳಲ್ಲಿ ಇದೇ ವಿಭಾಗದಿಂದ ಮುಟ್ಟಿದರೆ ಮುನಿಯ ಬೇರು (2004), ಹುಣಸೆಬೀಜದ ಸಾರ (2006), ದ್ರಾಕ್ಷಿಬೀಜದ ಸಾರ (2008) ವಿಷದ ಕಿಣ್ವಗಳನ್ನು ಎಷ್ಟರಮಟ್ಟಿಗೆ ತಡೆಯುತ್ತವೆಂಬ ಪ್ರಬಂಧಗಳು ಹೊರಬಂದವು. ನಾಟಿ ಔಷಧದ ಮಾತನ್ನು ಕೊಳವೆಯಲ್ಲಿ ಹಾಕಿ ಒರೆಗೆ ಹಚ್ಚುವ ಈ ಧೈರ್ಯ ಮೆಚ್ಚತಕ್ಕದ್ದು. ಆದರೆ ಕೊಳವೆಯಲ್ಲಿ ಕಿಣ್ವವನ್ನು ತಡೆಯುವುದೆಲ್ಲ ಮೈಯಲ್ಲಿ ಔಷಧವಾಗುವುದಿಲ್ಲ. ಈಶ್ವರಬಳ್ಳಿಯ ಆಮ್ಲವೇ ಮೂತ್ರಪಿಂಡವನ್ನು ಕೆಡಿಸಿ ಅರ್ಬುದಕ್ಕೂ ದಾರಿಮಾಡುತ್ತದೆಂದು 1990ರ ದಶಕದಲ್ಲಿ ಯುರೋಪಿನಲ್ಲಿ ಬಯಲಾಯಿತು. ಕೊಳಕುಮಂಡಲದ ಕಡಿತದಲ್ಲಿ ಮೊದಲು ಸೋಲುವ ಅಂಗಗಳಲ್ಲಿ ಮೂತ್ರಪಿಂಡವೂ ಒಂದೆಂಬುದನ್ನು ನೆನೆದರೆ, ಆ ಬಳ್ಳಿಯ ಕಷಾಯ ಎಷ್ಟು ಕೆಟ್ಟ ಮದ್ದೆಂದು ತಿಳಿಯುತ್ತದೆ.

ಪೊರೆಯನ್ನು ಕತ್ತರಿಸುವ ಕಿಣ್ವದಿಂದ ಕಿರುತಟ್ಟೆಗೆ ಬಂದ ಹಾದಿಯಲ್ಲಿ ನಿರ್ಣಾಯಕವಾದದ್ದು ಕಿಣಿಯವರ ಆಲೋಚನೆ. ಮೈಸೂರಿನಲ್ಲಿ ಪಿಎಚ್.ಡಿ. ಮುಗಿಸಿ ಮುಂದೆ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದ ಅವರು 1989ರಲ್ಲಿ ಹರ್ಬರ್ಟ್ ಇವಾನ್ಸ್ ಅವರೊಡನೆ ಒಂದು ಸಿದ್ಧಾಂತವನ್ನು ಮಂಡಿಸಿದರು. ಹಾವಿನ ವಿಷದ ಫಾಸ್ಫೊಲೈಪೇಸುಗಳೆಲ್ಲವೂ ಒಂದೇ ಕತ್ತರಿಯ ಕೆಲಸ ಮಾಡುತ್ತವೆ. ಹಾಗಿರುವಾಗ ಒಂದು ನರವನ್ನೂ ಇನ್ನೊಂದು ಸ್ನಾಯುವನ್ನೂ ಮತ್ತೊಂದು ರಕ್ತವನ್ನೂ ಹುಡುಕಿಕೊಂಡು ಹೋಗುವುದೇಕೆ ಎಂಬುದು ಹಳೆಯ ಒಗಟು. ಕತ್ತರಿಸುವ ಜಾಗ ಬೇರೆ, ಗುರುತು ಹಿಡಿಯುವ ಜಾಗ ಬೇರೆ. ಪ್ರತಿಯೊಂದು ವಿಷಪ್ರೋಟೀನಿಗೂ ಅಂಗಾಂಶದ ಪೊರೆಯಲ್ಲಿ ತನ್ನದೇ ಆದ ಗುರಿಯಿರುತ್ತದೆ ಎಂಬುದು ಅವರ ಉತ್ತರ. ಬೇರೆ ಮಾತಿನಲ್ಲಿ ಹೇಳುವುದಾದರೆ ಹಾವು ಗ್ರಾಹಕಗಳನ್ನು ಬಲ್ಲದು. ಅನಂತರ ಅವರು ಕಿರುತಟ್ಟೆಗಳ ಮೇಲೆ ಪರಿಣಾಮ ಬೀರುವ ಫಾಸ್ಫೊಲೈಪೇಸುಗಳನ್ನು ಮೂರು ವರ್ಗ ಮಾಡಿದರು: ಗುಂಪುಗಟ್ಟಿಸುವವು ಎ ವರ್ಗ, ತಡೆಯುವವು ಬಿ ವರ್ಗ, ಎರಡನ್ನೂ ಮಾಡುವವು ಸಿ ವರ್ಗ. 1999ರಲ್ಲಿ ಸಿಂಗಪುರದ ಅವರ ತಂಡ ಮಲಯದ ಗುಳಿಮಂಡಲದ ವಿಷದಿಂದ ರೋಡೊಸೆಟಿನ್ ಎಂಬ ಪ್ರೋಟೀನನ್ನು ಬೇರ್ಪಡಿಸಿತು. ಅದು ಕಿರುತಟ್ಟೆಯ ಕೊಲಾಜನ್ ಗ್ರಾಹಕಗಳಲ್ಲಿ ಒಂದನ್ನೇ ಹಿಡಿದು ಮುಚ್ಚುತ್ತದೆಂದು ಬಳಿಕ ಸ್ಪಷ್ಟವಾಯಿತು.

ಮೈಸೂರಿನಲ್ಲಿ ಕಿರುತಟ್ಟೆಯ ಪ್ರಯೋಗಗಳಿಗೆ ಮಾನಸಗಂಗೋತ್ರಿಯ ಜೊತೆಗೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ ಕೈಜೋಡಿಸಿತು. 1996ರಲ್ಲಿ ಕೊಳಕುಮಂಡಲದಿಂದ, 1999ರಲ್ಲಿ ಗರಗಸಮಂಡಲದಿಂದ, 2004ರಲ್ಲಿ ನಾಗರಹಾವಿನಿಂದ ಗುಂಪುಗಟ್ಟುವಿಕೆಯನ್ನು ತಡೆಯುವ ಒಂದೊಂದು ಫಾಸ್ಫೊಲೈಪೇಸ್ ಶುದ್ಧರೂಪದಲ್ಲಿ ಹೊರಬಂದವು. ಮಾನಸಗಂಗೋತ್ರಿಯ ಕೆ. ಕೆಂಪರಾಜು ಮತ್ತು ಗೌಡರ ಹೆಸರುಗಳ ನಡುವೆ 1999ರ ಪ್ರಬಂಧದಲ್ಲಿ ಕಾಣುವ ಟಿ. ಪಿ. ಕೃಷ್ಣಕಾಂತ ಅವರು ಆಹಾರ ಸಂಶೋಧನಾಲಯದವರು. ಅದೇ ಸಂಶೋಧನಾಲಯದಲ್ಲಿ 2009ರಲ್ಲಿ ರಾಘವೇಂದ್ರ ಮತ್ತು ನಾಯ್ಡು ಸಾಂಬಾರ ಪದಾರ್ಥಗಳ ಸತ್ತ್ವಗಳನ್ನು ಮಾನವ ಕಿರುತಟ್ಟೆಗಳ ಮೇಲೆ ಪರೀಕ್ಷಿಸಿದಾಗ ಎಲ್ಲಕ್ಕಿಂತ ಬಲವಾಗಿ ತಡೆದದ್ದು ಲವಂಗದ ಯೂಜಿನಾಲ್.

ಈ ಪ್ರಯೋಗದ ವಿಧಾನವನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಕಳೆದ ಒಂದೆರಡು ವಾರ ಆಸ್ಪಿರಿನ್ ಮುಟ್ಟದ ಆರೋಗ್ಯವಂತರಿಂದ ರಕ್ತ ತೆಗೆದು, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ದ್ರಾವಣ ಸೇರಿಸುತ್ತಾರೆ. ಸಿಟ್ರೇಟ್ ಕ್ಯಾಲ್ಸಿಯಮನ್ನು ಹಿಡಿದಿಡುವುದರಿಂದ ರಕ್ತ ಹೆಪ್ಪುಗಟ್ಟುವುದಿಲ್ಲ. ಇದನ್ನು ಮೆಲ್ಲಗೆ ಗಿರಕಿ ಹೊಡೆಸಿದರೆ ಭಾರದ ಕೆಂಪುಕಣಗಳು ತಳಕ್ಕಿಳಿದು, ಮೇಲೆ ಗಂಜಿತಿಳಿಯಂತೆ ಮಬ್ಬಾದ ಹಳದಿ ದ್ರವ ಉಳಿಯುತ್ತದೆ. ಆ ಮಬ್ಬಿಗೆ ಕಾರಣ ತೇಲುವ ಕಿರುತಟ್ಟೆಗಳು. ದೇಹದ ಬಿಸಿಯಲ್ಲಿ, ಅಂದರೆ 37 ಡಿಗ್ರಿಯಲ್ಲಿ, ಕಲಕುತ್ತಿರುವಾಗ ಎಡಿಪಿ ಅಥವಾ ಕೊಲಾಜನ್ನನ್ನು ತೊಟ್ಟಿಕ್ಕಿಸಿದರೆ ಕಿರುತಟ್ಟೆಗಳು ಒಂದಕ್ಕೊಂದು ಅಂಟಿ ಗಂಟುಗಳಾಗಿ, ದ್ರವ ತಿಳಿಯಾಗಿ, ಅದರ ಮೂಲಕ ಹಾಯುವ ಬೆಳಕು ಹೆಚ್ಚುತ್ತದೆ. ಈ ಬೆಳಕನ್ನು ಅಳೆದು ಗೆರೆ ಎಳೆಯುವ ಉಪಕರಣವನ್ನು ಲಂಡನ್ನಿನ ಗುಸ್ತಾವ್ ಬಾರ್ನ್ 1962ರಲ್ಲಿ ಬಳಕೆಗೆ ತಂದನು. ವಿಷದ ಪ್ರೋಟೀನನ್ನು ಮೊದಲೇ ಬೆರೆಸಿಟ್ಟಾಗ ಗೆರೆ ಏಳದೆ ಹೋದರೆ ಅದು ತಡೆಯುವ ಪ್ರೋಟೀನ್ ಎಂದು ತೀರ್ಮಾನ. ರಕ್ತ ತೆಗೆದ ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿಯಬೇಕು. ಗಾಜು ಸೋಕಿದರೆ ಕಿರುತಟ್ಟೆಗಳು ಅದಕ್ಕೇ ಅಂಟಿ ಕೂರುವುದರಿಂದ ರಕ್ತ ತೆಗೆಯುವುದರಿಂದ ಹಿಡಿದು ಎಲ್ಲವೂ ಪ್ಲಾಸ್ಟಿಕ್ ಕೊಳವೆಯಲ್ಲೇ ನಡೆಯಬೇಕು.

ಇಲ್ಲಿ ಒಂದು ಹೋಲಿಕೆಯನ್ನು ತಪ್ಪಿಸುವುದು ಸಾಧ್ಯವಿಲ್ಲ. ಮೈಸೂರಿನವರು ಅಭ್ಯಾಸಮಾಡಿದ ಅದೇ ಗರಗಸಮಂಡಲದ ವಿಷದಿಂದ ಅಮೆರಿಕದ ಮರ್ಕ್ ಕಂಪನಿಯ ವಿಜ್ಞಾನಿಗಳು 1988ರಲ್ಲಿ ಎಕಿಸ್ಟಾಟಿನ್ ಎಂಬ, ಬರೀ 49 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನನ್ನು ತೆಗೆದು, ಅದು ಫೈಬ್ರಿನೋಜನ್ನಿನ ಗ್ರಾಹಕದಲ್ಲಿ ಹೇಗೆ ಕೂರುತ್ತದೆಂದು ನೋಡಿ, ಅದರ ನಮೂನೆಯಲ್ಲಿ ಟೈರೊಫೈಬಾನ್ ಎಂಬ ಔಷಧವನ್ನು ರಚಿಸಿದರು. 1998ರಲ್ಲಿ ಅದು ಹೃದಯಾಘಾತದ ಚಿಕಿತ್ಸೆಗೆ ಮಾರುಕಟ್ಟೆಗೆ ಬಂತು. ಮೈಸೂರಿನಲ್ಲಿ ಶುದ್ಧೀಕರಿಸಿದ ಯಾವ ಪ್ರೋಟೀನೂ ಔಷಧದಂಗಡಿಯವರೆಗೆ ಬಂದಿಲ್ಲ. ಇದನ್ನು ಸೋಲೆಂದು ಬರೆಯುವುದು ಅನ್ಯಾಯವಾದೀತು. ಔಷಧ ಕಂಪನಿಯೊಂದು ಮುಂದಿಟ್ಟುಕೊಂಡ ಪ್ರಶ್ನೆ ಗ್ರಾಹಕವನ್ನು ಮುಚ್ಚುವ ಅಣು ಯಾವುದೆಂಬುದು. ಮೈಸೂರಿನ ಪ್ರಶ್ನೆ ಕಚ್ಚಿಸಿಕೊಂಡವರ ಮೈಯಲ್ಲಿ ಏನಾಗುತ್ತದೆಂಬುದು. ಎರಡನೆಯ ಪ್ರಶ್ನೆಗೆ ಲಾಭವಿಲ್ಲ, ಆದ್ದರಿಂದ ಹಣವೂ ಕಡಿಮೆ.

ಆ ಎರಡನೆಯ ಪ್ರಶ್ನೆಯಲ್ಲಿ ಮೈಸೂರು ಹಿಂದೆ ಬಿದ್ದಿಲ್ಲ. ದೇಶದ ಬೇರೆ ಬೇರೆ ಭಾಗಗಳ ಕೊಳಕುಮಂಡಲಗಳ ವಿಷ ಒಂದೇ ಬಗೆಯದಲ್ಲವೆಂದು ಗೌಡರ ತಂಡ 1999ರಲ್ಲೇ ತೋರಿಸಿತ್ತು. ನಾಗರಹಾವಿನ ವಿಷದ ವಿಚಾರದಲ್ಲಿ ಕೆಂಪರಾಜು ಅವರ ತಂಡ 2002ರಲ್ಲಿ ಅದನ್ನೇ ಕಂಡಿತು. ಪ್ರತಿವಿಷ ತಯಾರಿಕೆಗೆ ಬೇಕಾದ ವಿಷದ ಹೆಚ್ಚಿನ ಪಾಲು ಚೆನ್ನೈ ಸಮೀಪದ, 1978ರಲ್ಲಿ ಸ್ಥಾಪಿತವಾದ, ಹಾವು ಹಿಡಿಯುವ ಇರುಳರ ಸಹಕಾರ ಸಂಘದಿಂದ ಬರುವುದರಿಂದ ಈ ಮಾತಿಗೆ ತೂಕವಿದೆ: ಒಂದು ಸೀಮೆಯ ಹಾವಿಗೆ ತಯಾರಾದ ಮದ್ದು ಇನ್ನೊಂದು ಸೀಮೆಯ ಹಾವಿಗೆ ಅಷ್ಟೇ ಚೆನ್ನಾಗಿ ಹಿಡಿಯಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ಈಗ ಇದೇ ಸಂಗತಿಯನ್ನು ವಿಸ್ತಾರವಾಗಿ ಅಭ್ಯಸಿಸುತ್ತಿದೆ. ಗರಗಸಮಂಡಲ ಕಚ್ಚಿದ ಜಾಗದ ಮಾಂಸ ಕೊಳೆಯುವುದಕ್ಕೆ ಬಿಳಿರಕ್ತಕಣಗಳು ಹೊರಚೆಲ್ಲುವ ಡಿಎನ್‌ಎ ಬಲೆಗಳು ಕಾರಣವೆಂದು, ಆ ಬಲೆಯನ್ನು ಕತ್ತರಿಸುವ ಕಿಣ್ವ ಕೊಟ್ಟರೆ ಹಾನಿ ತಗ್ಗುತ್ತದೆಂದು ಕೆಂಪರಾಜು, ಕೆ. ಎಸ್. ಗಿರೀಶ್ ಮತ್ತು ಸಂಗಡಿಗರು ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದ್ದು 2016ರಲ್ಲಿ. 2018ರಲ್ಲಿ ಅದೇ ಬಳಗ, ಬೆಂಗಳೂರಿನ ಜಿ. ಮುಗೇಶ್ ಅವರೊಡನೆ, ಒಡೆದ ಕೆಂಪುಕಣಗಳಿಂದ ಸೋರುವ ಹೀಮ್ ಎಂಬ ಕಬ್ಬಿಣದ ಸಂಯುಕ್ತವು ಕಿರುತಟ್ಟೆಗಳನ್ನು ಕೆರಳಿಸಿ ಸಾಯಿಸುವ ಬಗೆಯನ್ನು ವಿವರಿಸಿತು. ಕೆಂಪುಕಣಗಳು ಸದಾ ಒಡೆಯುತ್ತಿರುವ ಕುಡುಗೋಲುಕಣದ ಕಾಯಿಲೆ ಕಾಡಂಚಿನ ಬುಡಕಟ್ಟುಗಳಲ್ಲಿರುವುದರಿಂದ ಈ ಶೋಧ ಹಾವಿಲ್ಲದೆಯೂ ಹೆಗ್ಗಡದೇವನಕೋಟೆಯ ಹಾಡಿಗಳಿಗೆ ಸಂಬಂಧಿಸಿದ್ದೇ.

ಹಾವಿನ ಕಡಿತದಿಂದ 2000ರಿಂದ 2019ರವರೆಗೆ ಭಾರತದಲ್ಲಿ ಸತ್ತವರು ಸುಮಾರು 12 ಲಕ್ಷವೆಂದು, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರ ಅಧ್ಯಯನವೊಂದು ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಆದರೆ ಇಷ್ಟೆಲ್ಲ ಗ್ರಾಹಕ, ಕಿಣ್ವ, ವರ್ಗೀಕರಣಗಳು ಹುಟ್ಟಿದ ಮೇಲೂ, ಹಾವು ಕಚ್ಚಿಸಿಕೊಂಡು ಬಂದವರ ರಕ್ತಕ್ಕೆ ವಿಷ ಏರಿದೆಯೇ ಎಂದು ಹಾಸಿಗೆಯ ಪಕ್ಕದಲ್ಲೇ ತಿಳಿಯಲು ವೈದ್ಯರು ನೆಚ್ಚಿರುವುದು ಸರಳವಾದ ಒಂದು ಪರೀಕ್ಷೆಯನ್ನು. ರಕ್ತನಾಳದಿಂದ ಎರಡು ಮಿಲಿಲೀಟರ್ ರಕ್ತ ತೆಗೆದು, ಒಣಗಿದ ಹೊಸ ಕೊಳವೆಗೆ ಹಾಕಿ, ಅಲುಗಿಸದೆ 20 ನಿಮಿಷ ಇಟ್ಟು, ಒಮ್ಮೆ ಓರೆಮಾಡುತ್ತಾರೆ. ರಕ್ತ ನೀರಿನಂತೆ ಹರಿದರೆ ಪ್ರತಿವಿಷ ಕೊಡಲೇಬೇಕು. ಪ್ರಯೋಗಾಲಯದಲ್ಲಿ ಕಿರುತಟ್ಟೆಯ ಹತ್ತಿರ ಸುಳಿಯಬಾರದ ಗಾಜೇ ಇಲ್ಲಿ ಬೇಕು, ಹೆಪ್ಪುಗಟ್ಟುವ ಕ್ರಿಯೆಯನ್ನು ಎಬ್ಬಿಸುವುದು ಆ ಗಾಜಿನ ಮೈ. ಪ್ಲಾಸ್ಟಿಕ್ ಕೊಳವೆಯಲ್ಲಿ, ಅಥವಾ ಸೋಪಿನಲ್ಲಿ ತೊಳೆದಿಟ್ಟ ಹಳೆಯ ಗಾಜಿನಲ್ಲಿ, ಈ ಪರೀಕ್ಷೆಯ ಫಲಿತಾಂಶವನ್ನು ನಂಬುವಂತಿಲ್ಲ.